ಕುವೈತಿನ ಸುದ್ದಿಗಾಗಿ ಕಾದ ಮಳೆಗಾಲ

ಸಮ್ಮೇಳನಕ್ಕೆ ಆಗಮಿಸಿರುವ ಹಿರಿಯರಲ್ಲಿ ಅನೇಕರಿಗೆ ಶಾರ್ಟ್‌ವೇವ್ ಎಂದೊಡನೆ ರೇಡಿಯೋ ಸಿಲೋನಿನ ಬುಧವಾರದ ಬಿನಾಕಾ ಗೀತಮಾಲಾ ನೆನಪಾಗಬಹುದು. ಹುಡುಗಿಯಾಗಿದ್ದಾಗ ನಾನೂ ಅದನ್ನೇ ಹುಡುಕಿ ಕೇಳಿದವಳು. ಆದರೆ ಇಂದು ನನಗೆ ಮೊದಲು ನೆನಪಾಗುವುದು ಒಂದು ಮಳೆಗಾಲ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ನಮ್ಮ ಯಜಮಾನರು ಅಲ್ಲಿ ಉದ್ಯೋಗದಲ್ಲಿದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಕುಂದಾಪುರದ ಸಮೀಪದ ಹಳ್ಳಿಯಲ್ಲಿ ಅತ್ತೆ-ಮಾವನವರೊಡನೆ ಇದ್ದೆ. ದೂರವಾಣಿ ಸಂಪರ್ಕ ಕಡಿದುಹೋಯಿತು. ಕಾಗದವೂ ಬರಲಿಲ್ಲ. ಉಳಿದದ್ದು, ಅವರೇ ರಜೆಯಲ್ಲಿ ತಂದುಕೊಟ್ಟಿದ್ದ ರೇಡಿಯೋ ಒಂದೇ.

ಶಾರ್ಟ್‌ವೇವ್ ಕೇಳುವುದೂ ಒಂದು ವಿದ್ಯೆಯೇ ಸರಿ. ಈ ಅಲೆಗಳು ಆಕಾಶದ ಅಯಾನುಗೋಳವನ್ನು ತಾಗಿ ಭೂಮಿಗೆ ಮರಳುವುದರಿಂದಲೇ ಸಾವಿರಾರು ಮೈಲಿ ದಾಟಿ ಬರುತ್ತವೆ. ಹಗಲು 19 ಮೀಟರಿನಲ್ಲಿ ಸ್ಪಷ್ಟವಾಗಿದ್ದ ದನಿ ರಾತ್ರಿ ಮಾಯವಾಗುತ್ತಿತ್ತು; ಆಗ ಮುಳ್ಳನ್ನು 31ಕ್ಕೋ 49ಕ್ಕೋ ತಿರುಗಿಸಬೇಕು. ಮಾವನವರು ಅಂಗಳದ ಹಲಸಿನ ಮರಕ್ಕೆ ತಾಮ್ರದ ತಂತಿ ಬಿಗಿದರು. ಮಳೆಯಲ್ಲಿ ವಿದ್ಯುತ್ತಿನ ಭರವಸೆಯಿಲ್ಲ. ಟಾರ್ಚಿನ ಸೆಲ್ಲುಗಳೆಲ್ಲ ರೇಡಿಯೋ ಪಾಲಾದವು. ಕೊಟ್ಟಿಗೆಗೆ ಹೋಗುವಾಗ ಚಿಮಣಿ ದೀಪವೇ ಗತಿ.

ಸಂಜೆ ಬಿಬಿಸಿಯ ಇಂಗ್ಲಿಷ್ ವಾರ್ತೆಗೆ ಮೂವರೂ ಕೂರುತ್ತಿದ್ದೆವು. ಅತ್ತೆಗೆ ಇಂಗ್ಲಿಷ್ ಬಾರದು. 'ಕುವೈತ್' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನತ್ತ ತಿರುಗಿ, "ಎಂತ ಅಂಬ್ರ್?" ಎನ್ನುವರು. ಲೂಟಿ, ಆಹಾರದ ಅಭಾವ, ಜೋರ್ಡಾನ್ ಗಡಿಯ ಮರಳುಗಾಡಿನಲ್ಲಿ ನೀರಿಗಾಗಿ ಪರದಾಡುತ್ತಿರುವ ನಿರಾಶ್ರಿತರು, ಇವೆಲ್ಲವನ್ನೂ ಕೇಳಿಸಿಕೊಂಡ ನಾನು, "ನಮ್ಮವರೆಲ್ಲ ಕ್ಷೇಮವಾಗಿದ್ದಾರಂತೆ ಅತ್ತೆ, ಬಸ್ಸಿನಲ್ಲಿ ಕಳುಹಿಸಿಕೊಡುತ್ತಿದ್ದಾರಂತೆ" ಎನ್ನುತ್ತಿದ್ದೆ. ಮಾವನವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಒಂದು ದಿನವೂ ನನ್ನನ್ನು ತಿದ್ದಲಿಲ್ಲ. ವಾರ್ತೆ ಮುಗಿದೊಡನೆ ಎದ್ದು, ತಂತಿ ಸರಿಯಾಗಿದೆಯೇ ಎಂದು ನೋಡಲು ಸುರಿವ ಮಳೆಯಲ್ಲೇ ಅಂಗಳಕ್ಕಿಳಿಯುತ್ತಿದ್ದರು.

ವಿದೇಶಾಂಗ ಸಚಿವ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಹೋದದ್ದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ನಮ್ಮವರನ್ನು ಕರೆತರತೊಡಗಿದ್ದು ಎಲ್ಲವೂ ನಮಗೆ ತಿಳಿದದ್ದು ಆ ಪೆಟ್ಟಿಗೆಯಿಂದಲೇ. ಹಾಗೆ ಮರಳಿದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಆದರೆ ರೇಡಿಯೋ ಲೆಕ್ಕ ಹೇಳೀತು, ಹೆಸರು ಹೇಳದು. ಸೆಪ್ಟೆಂಬರಿನ ಕೊನೆಗೆ ಬೊಂಬಾಯಿಯಿಂದ ಟೆಲಿಗ್ರಾಂ ಬಂದಾಗಲೇ ನಾನು ಅತ್ತೆಗೆ ಇದ್ದದ್ದನ್ನು ಇದ್ದಂತೆ ಓದಿ ಹೇಳಿದ್ದು. ಊರಿಗೆ ಬಂದಿಳಿದ ಇವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಲ್ಲದೆ ಬೇರೇನೂ ಇರಲಿಲ್ಲ.

ಕೆಲವು ವರ್ಷಗಳ ಬಳಿಕ ಅಮೆರಿಕಕ್ಕೆ ಹೊರಟಾಗ, ಇವರು ಬೇಡವೆಂದರೂ ಆ ರೇಡಿಯೋವನ್ನು ಸೀರೆಗಳ ನಡುವೆ ಸುತ್ತಿ ತಂದೆ. 2001ರ ಜುಲೈ 1ರಂದು ಬಿಬಿಸಿಯು ಉತ್ತರ ಅಮೆರಿಕಕ್ಕೆ ಶಾರ್ಟ್‌ವೇವ್ ಪ್ರಸಾರವನ್ನು ನಿಲ್ಲಿಸಿತು. ಆ ವಾರ ಊರಿಗೆ ಫೋನ್ ಮಾಡಿ ಮಾವನವರಿಗೆ ಇದನ್ನು ತಿಳಿಸಿದೆ. ಅಂದು ನನ್ನನ್ನು ಏಕೆ ತಿದ್ದಲಿಲ್ಲವೆಂದೂ ಧೈರ್ಯ ಮಾಡಿ ಕೇಳಿದೆ. "ನಿನ್ನಷ್ಟು ಚೆನ್ನಾಗಿ ವಾರ್ತೆ ಓದುವವರು ಬಿಬಿಸಿಯಲ್ಲಿ ಇರಲಿಲ್ಲ" ಎಂದು ನಕ್ಕರು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಎಂತ ಅಂಬ್ರ್?"