ಮೀನಿನ ಹುಣ್ಣುರೋಗವೂ ಬೆಳ್ಳಿಯ ನ್ಯಾನೋ ಕಣಗಳೂ

ಕೆರೆಕುಂಟೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವವರಿಗೆ ಮೀನಿನ ಮೈಮೇಲಿನ ಕೆಂಪು ಮಚ್ಚೆ, ಹುಣ್ಣು, ಉಬ್ಬಿದ ಹೊಟ್ಟೆ ಇವು ಅಪರಿಚಿತವಲ್ಲ. ಅನೇಕ ವೇಳೆ ಇವಕ್ಕೆ ಏರೋಮೊನಾಸ್ ಹೈಡ್ರೋಫಿಲಾ ಎಂಬ ಜೀವಾಣುವು ಕಾರಣವಾಗಿರುತ್ತದೆ. ಇದು ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ ಇರತಕ್ಕದ್ದೇ. ಮೀನು ಬಲಗುಂದಿದಾಗ ರೋಗವಾಗಿ ತೋರಿಕೊಳ್ಳುತ್ತದೆ. ಇದರ ನಿವಾರಣೆಗೆ ಬೆಳ್ಳಿಯ ನ್ಯಾನೋ ಕಣಗಳನ್ನು ನೀರಿಗೆ ಹಾಕಬಹುದೆ ಎಂದು ಕೆಲವರು ಜಮೀನುದಾರರು ಕೇಳಿರುವುದರಿಂದ ಆ ವಿಷಯವನ್ನು ಇಲ್ಲಿ ವಿವರಿಸಿದೆ.

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೋಮೀಟರೆಂದು ಹೆಸರು. 1 ರಿಂದ 100 ನ್ಯಾನೋಮೀಟರು ಗಾತ್ರದವುಗಳನ್ನು ನ್ಯಾನೋ ಕಣಗಳೆನ್ನುವರು. ಮೇಲ್ಕಂಡ ಜೀವಾಣುವಿನ ಉದ್ದ 1,000 ನ್ಯಾನೋಮೀಟರಿಗೂ ಮೇಲ್ಪಟ್ಟಿರುತ್ತದೆ. ಕಣದಿಂದ ಹೊರಡುವ ಬೆಳ್ಳಿಯ ಅಯಾನುಗಳು ಜೀವಾಣುವಿನ ಹೊರಪೊರೆಯನ್ನು ಕೆಡಿಸಿ, ಒಳಗಿನ ಕಿಣ್ವಗಳ ಕೆಲಸವನ್ನು ತಡೆಯುತ್ತವೆ. ಪ್ರಯೋಗಶಾಲೆಗಳಲ್ಲಿ ಇದು ಸಿದ್ಧಪಟ್ಟ ಸಂಗತಿ. ಆಂಟಿಬಯೋಟಿಕ್ ಔಷಧಗಳಿಗೆ ಬಗ್ಗದ ಜೀವಾಣುಗಳು ಹೆಚ್ಚುತ್ತಿರುವಾಗ ಶಾಸ್ತ್ರಜ್ಞರು ಈ ದಾರಿಯನ್ನು ಪರೀಕ್ಷಿಸುತ್ತಿರುವುದು ಯುಕ್ತವೇ ಸರಿ.

ಆದರೆ ಗಾಜಿನ ಪಾತ್ರೆ ಬೇರೆ, ಕೆರೆ ಬೇರೆ. ಬೆಳ್ಳಿಯು ಮೀನಿನ ಕಿವಿರುಗಳಿಗೂ ಹಾನಿಮಾಡಿ, ದೇಹದ ಉಪ್ಪಿನ ಸಮತೋಲವನ್ನು ಕೆಡಿಸಬಲ್ಲುದು. ಮೀನಿಗೆ ಆಹಾರವಾದ ಪಾಚಿಯನ್ನೂ ಸಣ್ಣ ಜಲಜಂತುಗಳನ್ನೂ, ನೀರಿನ ಅಮೋನಿಯವನ್ನು ಪರಿವರ್ತಿಸುವ ಉಪಕಾರಿ ಜೀವಾಣುಗಳನ್ನೂ ಕೊಲ್ಲಬಲ್ಲುದು. ಅದು ಕೊಳೆತು ನಾಶವಾಗತಕ್ಕ ವಸ್ತುವಲ್ಲ. ಹೂಳಿನಲ್ಲಿ ಸೇರಿ ಉಳಿಯುತ್ತದೆ. ಅದೇ ನೀರನ್ನು ದನಕರುಗಳು ಕುಡಿಯುವುದನ್ನೂ, ಅದೇ ಹೂಳನ್ನು ನಾವು ಹೊಲಕ್ಕೆ ಹೊಡೆಯುವುದನ್ನೂ ಗ್ರಾಮದ ಮುಖಂಡರು ಮರೆಯಕೂಡದು. ಆದಕಾರಣ ಇಂಥ ದ್ರಾವಣವನ್ನು ಸ್ವಂತ ಬುದ್ಧಿಯಿಂದಾಗಲಿ ಮಾರುವವರ ಮಾತಿನಿಂದಾಗಲಿ ಕೆರೆಗೆ ಸುರಿಯತಕ್ಕದ್ದಲ್ಲ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಔಷಧಗಳಂತೂ ಮೀನು ಸಾಕಣೆಯಲ್ಲಿ ನಿಷಿದ್ಧವಾಗಿವೆ.

ಸದ್ಯಕ್ಕೆ ಕೈಗೆಟುಕುವ ಕ್ರಮಗಳು ಇವು. ಮರಿ ಬಿಡುವ ಮೊದಲು ಎಕರೆಗೆ ಸುಮಾರು 100 ಕಿಲೋಗ್ರಾಂ ಸುಣ್ಣ ಹಾಕಬೇಕು; ಮಣ್ಣು ಹುಳಿಯಾಗಿದ್ದರೆ ಪರೀಕ್ಷೆ ಮಾಡಿಸಿ ಪ್ರಮಾಣವನ್ನು ಹೆಚ್ಚಿಸಬಹುದು. ಮರಿಗಳನ್ನು ಲೀಟರಿಗೆ 20 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಬಿಡಬೇಕು. ಎಕರೆಗೆ 4,000 ಮರಿಗಳನ್ನು ಮೀರದಿರುವುದು ಕ್ಷೇಮ. ಮೋಡ ಕವಿದ ದಿನಗಳಲ್ಲಿ ಮೇವನ್ನೂ ಸಗಣಿಯನ್ನೂ ಕಡಿಮೆಮಾಡಬೇಕು. ಬಲೆಯನ್ನು ಬಿಸಿಲಿನಲ್ಲಿ ಒಣಗಿಸಬೇಕು. ಸತ್ತ ಮೀನನ್ನು ಕೂಡಲೆ ತೆಗೆದು ಸುಣ್ಣದೊಡನೆ ಹೂಳಬೇಕು.

ಹುಣ್ಣು ಕಂಡ ದಿನವೇ, ಜೀವವಿರುವ ಒಂದೆರಡು ರೋಗಿ ಮೀನುಗಳನ್ನು ಅದೇ ಕೆರೆಯ ನೀರಿನಲ್ಲಿಟ್ಟು ಸಮೀಪದ ಮೀನುಗಾರಿಕೆ ಅಧಿಕಾರಿಗಳಿಗೆ ತೋರಿಸಿ, ಅವರ ಸಲಹೆಯಂತೆ ನಡೆಯುವುದು. ಊರಿನ ಕೆರೆಯಲ್ಲಿ ಒಬ್ಬರು ಮಾಡಿದ ತಪ್ಪು ಊರೆಲ್ಲಕ್ಕೂ ತಗಲುವುದರಿಂದ, ಈ ಸಂಗತಿಯನ್ನು ಮುಖಂಡರು ಮೀನು ಸಾಕುವ ಎಲ್ಲರಿಗೂ ತಿಳಿಯಪಡಿಸಬೇಕಾಗಿ ಕೋರಿಕೆ.