ಪಿಕಪ್ ನೆತ್ತಿಯ ಮೇಲೆ ಗುಡಾರ: ಕಟ್ಟುವ ಮುನ್ನ ತೂಕದ ಲೆಕ್ಕ ಇರಲಿ

ಚಿತ್ರದುರ್ಗ: ಎತ್ತಿನ ಬಂಡಿಗೆ ಬಿದಿರಿನ ಕಮಾನು ಬಗ್ಗಿಸಿ, ಮೇಲೆ ಚಾಪೆ ಹೊದಿಸಿ, ಸಂಸಾರ ಸಮೇತ ಜಾತ್ರೆಗೆ ಹೊರಡುವುದು ಈ ಜಿಲ್ಲೆಯ ಹಳ್ಳಿಗಳಿಗೆ ಹೊಸದೇನಲ್ಲ. ಬಂಡಿಯೇ ಮನೆ, ಬಂಡಿಯ ನೆರಳೇ ಅಡುಗೆ ಕೋಣೆ. ಈರುಳ್ಳಿ ಹೇರಿಕೊಂಡು ಬೆಂಗಳೂರಿನ ಮಾರುಕಟ್ಟೆಗೆ ಹೋಗುವ ಪಿಕಪ್ ಚಾಲಕರು ತಾಡಪಾಲಿನ ಕೆಳಗೆ ರಾತ್ರಿ ಕಳೆಯುವುದೂ ಅದರ ಮುಂದುವರಿಕೆಯೇ. ಈಗ ಅದೇ ಕಲ್ಪನೆ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ. ಪಿಕಪ್ ವಾಹನದ ಹಿಂಬದಿ ಬಾಡಿಗೆ ಫೈಬರ್ ಅಥವಾ ತಗಡಿನ ಮುಚ್ಚಿಗೆ ಹಾಕಿಸಿ, ಅದರ ನೆತ್ತಿಯ ಮೇಲೆ ಮಡಚಿಡುವ ಗುಡಾರವೊಂದನ್ನು ಕೂರಿಸಿ, ಸಂಜೆಯಾದಾಗ ಏಣಿ ಇಳಿಬಿಟ್ಟು ಮೇಲೆ ಹತ್ತಿ ಮಲಗುವ ಪದ್ಧತಿ ಅದು.

ನೋಡಲು ಸರಳ. ಆದರೆ ಮುಚ್ಚಿಗೆ ಎಷ್ಟು ಭಾರ ತಾಳುತ್ತದೆ, ಆ ಭಾರ ಯಾವ ದಾರಿಯಲ್ಲಿ ಚಾಸಿಗೆ ಇಳಿಯುತ್ತದೆ ಎಂಬುದನ್ನು ಯೋಚಿಸದೆ ಬೋಲ್ಟು ಬಿಗಿಸಿದರೆ ಬಿರುಕು ಬಿಡುವುದು ಮುಚ್ಚಿಗೆ ಮಾತ್ರವಲ್ಲ. ಹೆದ್ದಾರಿಯ ತಿರುವಿನಲ್ಲಿ ವಾಹನವೇ ವಾಲಬಹುದು.

ಕಾರಿನ ಮೇಲೆ ಗುಡಾರ ಹೊರುವ ಪದ್ಧತಿ ಯೂರೋಪಿನಲ್ಲಿ 1950ರ ದಶಕದಿಂದಲೂ ಇದೆ. ಪೂರ್ವ ಜರ್ಮನಿಯಲ್ಲಿ ಪುಟ್ಟ ಟ್ರಬಾಂಟ್ ಕಾರಿನ ಮೇಲೂ ಜನ ಗುಡಾರ ಕಟ್ಟಿಕೊಂಡು ರಜೆ ಕಳೆದದ್ದುಂಟು. ಹಾವು, ಚೇಳು, ಕಾಡುಪ್ರಾಣಿಗಳ ಭಯವಿರುವ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಅದು ಬೇರೂರಿತು. ಭಾರತದಲ್ಲಿ ಇದಕ್ಕೆ ಚಾಲನೆ ಸಿಕ್ಕಿದ್ದು ಸ್ವಂತ ಬಳಕೆಯ ಪಿಕಪ್‌ಗಳು ಬಂದ ಮೇಲೆ. 2016ರಲ್ಲಿ ಇಸುಜು ಕಂಪನಿಯ ವಿ-ಕ್ರಾಸ್, 2022ರಲ್ಲಿ ಟೊಯೊಟಾದ ಹೈಲಕ್ಸ್ ಮಾರುಕಟ್ಟೆಗೆ ಬಂದವು. ನಮ್ಮ ಕಡೆ ಹೆಚ್ಚಾಗಿ ಕಾಣುವ ಬೊಲೆರೊ ಕ್ಯಾಂಪರ್‌ನಂತಹ ಎರಡು ಸಾಲು ಸೀಟಿನ ವಾಹನಗಳಿಗೂ ಮುಚ್ಚಿಗೆ ಹಾಕಿಸುವುದು ರೂಢಿಯಲ್ಲಿದೆ. ಮುಚ್ಚಿಗೆಯನ್ನು ಈ ವಹಿವಾಟಿನವರು 'ಕ್ಯಾನೋಪಿ' ಎನ್ನುತ್ತಾರೆ.

ನಿಂತಾಗ ಒಂದು, ಓಡುವಾಗ ಇನ್ನೊಂದು

ಗುಡಾರ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಒಂದೇ: 'ಮೇಲೆ ಇಬ್ಬರು ಮಲಗಿದರೆ ಕ್ಯಾನೋಪಿ ತಡೆಯುತ್ತದೆಯೇ?' ಪ್ರಶ್ನೆ ಸಹಜವಾದರೂ ಅಪಾಯ ಇರುವುದು ಬೇರೆಡೆ.

ವಾಹನ ನಿಂತಿರುವಾಗಿನ ಭಾರವನ್ನು ಸ್ಥಿರ ಭಾರ ಎನ್ನಬಹುದು. ಗುಡಾರ 60 ಕಿಲೋ, ಅಡ್ಡಪಟ್ಟಿಗಳು 15 ಕಿಲೋ, ಹಾಸಿಗೆ ಹೊದಿಕೆ 10 ಕಿಲೋ, ತಲಾ 70 ಕಿಲೋದ ಇಬ್ಬರು ಎಂದಿಟ್ಟುಕೊಂಡರೆ ಒಟ್ಟು 225 ಕಿಲೋ. ಅಂಕಿ ದೊಡ್ಡದೆನಿಸಿದರೂ ಈ ಭಾರ ಅಲುಗಾಡದೆ ನಿಧಾನವಾಗಿ ಕೂರುತ್ತದೆ. ಬಿಚ್ಚಿದ ಗುಡಾರದ ಒಂದು ಭಾಗವನ್ನು ಏಣಿಯೂ ಹೊರುತ್ತದೆ. ಸರಿಯಾಗಿ ಹಂಚಿದರೆ ಗಟ್ಟಿಮುಟ್ಟಾದ ಕ್ಯಾನೋಪಿ ಇದನ್ನು ತಾಳಬಲ್ಲದು.

ಓಡುವಾಗ ಮಲಗುವವರ 140 ಕಿಲೋ ಇರುವುದಿಲ್ಲ, ಉಳಿಯುವುದು 85 ಕಿಲೋ ಮಾತ್ರ. ಆದರೆ ಚಕ್ರ ಗುಂಡಿಗೆ ಇಳಿದು ಮೇಲೆದ್ದ ಕ್ಷಣದಲ್ಲಿ ಅದೇ 85 ಕಿಲೋ ತನ್ನ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ಬಲದಿಂದ ಕ್ಯಾನೋಪಿಯನ್ನು ಗುದ್ದುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ. ಒಂದು ದಿನದ ಪ್ರಯಾಣದಲ್ಲಿ ಇದು ಸಾವಿರಾರು ಸಲ ನಡೆಯುತ್ತದೆ. ಆದ್ದರಿಂದಲೇ ತಯಾರಕರು ಓಡುವಾಗಿನ ಮಿತಿಯನ್ನು ನಿಂತಾಗಿನ ಮಿತಿಗಿಂತ ಬಹಳ ಕಡಿಮೆ ಇಡುತ್ತಾರೆ. ಸಾಮಾನ್ಯ ಫೈಬರ್ ಕ್ಯಾನೋಪಿಗಳಿಗೆ ಹಲವು ತಯಾರಕರು ಕೊಡುವ ಓಡುವ ಮಿತಿ 70ರಿಂದ 75 ಕಿಲೋ ಆಸುಪಾಸಿನದು. ಕಚ್ಚಾ ರಸ್ತೆಗೆ ಅದು ಇನ್ನೂ ಕಡಿಮೆ. ಅಂದರೆ ಮೇಲಿನ ಲೆಕ್ಕದ 85 ಕಿಲೋ ಆಗಲೇ ಮಿತಿ ಮೀರಿದೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ತೆಂಗು, ಅಡಿಕೆ ತೋಟಗಳ ಒಳರಸ್ತೆಗಳನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಕ್ಯಾನೋಪಿ ಕೊಳ್ಳುವಾಗ ಕೇಳಬೇಕಾದ್ದು 'ಎಷ್ಟು ಭಾರ ತಡೆಯುತ್ತದೆ' ಎಂದಲ್ಲ, 'ಓಡುವಾಗ ಎಷ್ಟು ತಡೆಯುತ್ತದೆ' ಎಂದು. ಉತ್ತರ ಬರಹದಲ್ಲಿ ಸಿಗಬೇಕು. ಬರೆದು ಕೊಡಲು ಒಪ್ಪದ ಅಂಗಡಿಯಿಂದ ಕೊಂಡ ಕ್ಯಾನೋಪಿಯ ಮೇಲೆ ಗುಡಾರ ಕೂರಿಸದಿರುವುದೇ ಲೇಸು.

ಭಾರ ಇಳಿಯುವ ದಾರಿ

ಫೈಬರ್ ಹಾಳೆ ಮನೆಯ ಹೆಂಚಿದ್ದಂತೆ. ಮಳೆ, ಬಿಸಿಲು ತಡೆಯುತ್ತದೆ, ಭಾರ ಹೊರುವುದು ಅದರ ಕೆಲಸವಲ್ಲ. ಹೆಂಚಿನ ಕೆಳಗೆ ತೊಲೆ, ಜಂತಿ ಇರುವಂತೆ ಕ್ಯಾನೋಪಿಯ ಒಳಗೂ ಅಸ್ಥಿಪಂಜರ ಬೇಕು.

ಕ್ಯಾನೋಪಿಯ ನೆತ್ತಿಯ ಮೇಲೆ ಉದ್ದಕ್ಕೆ ಎರಡು ಹಳಿಗಳನ್ನು ಕೂರಿಸಿ, ಅವುಗಳಿಗೆ ಅಡ್ಡಪಟ್ಟಿಗಳನ್ನು ಬಿಗಿದು, ಗುಡಾರವನ್ನು ಅದರ ಮೇಲೆ ಕಟ್ಟುವುದು ಸಾಮಾನ್ಯ ಕ್ರಮ. ಹಳಿಗಳನ್ನು ಬರೀ ಅಂಟಿನಿಂದ ಅಥವಾ ಮೇಲಿನಿಂದ ಹಾಕಿದ ಸ್ಕ್ರೂಗಳಿಂದ ಹಿಡಿಸಿದರೆ ಕೆಲವು ತಿಂಗಳಲ್ಲೇ ಸಡಿಲವಾಗುತ್ತವೆ. ಬೋಲ್ಟು ಹಾಳೆಯ ಆಚೆಯಿಂದ ಈಚೆಗೆ ಹಾದು ಬರಬೇಕು. ಒಳಭಾಗದಲ್ಲಿ ಅಗಲವಾದ ಲೋಹದ ಪಟ್ಟಿಯನ್ನು ಒತ್ತಾಗಿ ಇಟ್ಟು ನಟ್ ಬಿಗಿಯಬೇಕು. ಪಟ್ಟಿ ಇಲ್ಲದೆ ಬರೀ ವಾಷರ್ ಹಾಕಿದರೆ ಇಡೀ ಭಾರ ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಬೀಳುತ್ತದೆ. ತೂತಿನ ಸುತ್ತ ಜೇಡರ ಬಲೆಯಂತೆ ಸಣ್ಣ ಬಿರುಕುಗಳು ಮೂಡಿದರೆ ಅದರ ಮೊದಲ ಸೂಚನೆ ಎಂದೇ ತಿಳಿಯಬೇಕು. ತೂತಿಗೆ ನೀರು ಇಳಿಯದಂತೆ ಸೀಲಂಟ್ ತುಂಬುವುದನ್ನೂ ಮರೆಯಬಾರದು.

ಹಳಿಯಿಂದ ಇಳಿದ ಭಾರ ಕ್ಯಾನೋಪಿಯ ಗೋಡೆಗಳ ಮೂಲಕ ಬಾಡಿಯ ಅಂಚಿಗೆ ಬರುತ್ತದೆ. ಕ್ಯಾನೋಪಿಯನ್ನು ಅಲ್ಲಿ ಹಿಡಿದಿಡುವುದು ಕೆಲವೇ ಕ್ಲಾಂಪ್‌ಗಳು. ಖಾಲಿ ಕ್ಯಾನೋಪಿಗೆ ನಾಲ್ಕು ಕ್ಲಾಂಪ್ ಸಾಕಾಗಬಹುದು, ಗುಡಾರ ಹೊತ್ತಾಗ ಅಷ್ಟೇ ಸಾಲದು. ಅಂಚಿನ ನಡುವೆ ಹಾಕುವ ರಬ್ಬರ್ ಪಟ್ಟಿ ಕಾಲಕ್ರಮೇಣ ಅಮುಕಿಕೊಂಡು ತೆಳ್ಳಗಾಗುವುದರಿಂದ ಮೊದಲ ದಿನ ಬಿಗಿಯಾಗಿದ್ದ ಕ್ಲಾಂಪ್ ವಾರದ ಬಳಿಕ ಸಡಿಲವಾಗಿರುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ಪಿಕಪ್‌ನಲ್ಲಿ ಚಾಲಕನ ಕ್ಯಾಬಿನ್ ಮತ್ತು ಹಿಂಬದಿ ಬಾಡಿ ಒಂದೇ ತುಂಡಲ್ಲ. ಎರಡೂ ಪ್ರತ್ಯೇಕವಾಗಿ ಚಾಸಿಯ ಮೇಲೆ ಕೂತಿರುತ್ತವೆ. ಹಳ್ಳದಿಣ್ಣೆಯಲ್ಲಿ ಚಾಸಿ ತಿರುಚಿಕೊಂಡಾಗ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲುತ್ತದೆ. ಜಾಗ ಹೆಚ್ಚು ಸಿಗಲೆಂದು ಗುಡಾರದ ಒಂದು ತುದಿಯನ್ನು ಕ್ಯಾಬಿನ್ ಮೇಲಿನ ಕ್ಯಾರಿಯರ್‌ಗೂ ಇನ್ನೊಂದನ್ನು ಕ್ಯಾನೋಪಿಗೂ ಬಿಗಿದರೆ ನಡುವೆ ಸಿಕ್ಕ ಗುಡಾರದ ತಳ ಸೀಳುತ್ತದೆ, ಇಲ್ಲವೇ ಕ್ಯಾಬಿನ್ ತಗಡು ಹರಿಯುತ್ತದೆ. ಗುಡಾರ ಪೂರ್ತಿಯಾಗಿ ಕ್ಯಾನೋಪಿಯ ಮೇಲೆಯೇ ನಿಲ್ಲಬೇಕು. ಎರಡು ಸಾಲು ಸೀಟಿನ ಪಿಕಪ್‌ನ ಬಾಡಿ ಸುಮಾರು ಒಂದೂವರೆ ಮೀಟರ್ ಉದ್ದವಷ್ಟೇ. ಗಟ್ಟಿ ಪೆಟ್ಟಿಗೆಯಂತಹ ಗುಡಾರಗಳು ಎರಡು ಮೀಟರ್ ಮೀರುತ್ತವೆ. ಹಾಗಾಗಿ ಮುಂದಕ್ಕೆ ಚಾಚಿದ ಭಾಗ ಕ್ಯಾಬಿನ್ ನೆತ್ತಿಗೆ ತಾಗದಂತೆ ಕೆಲವು ಅಂಗುಲ ಅಂತರ ಬಿಡಬೇಕು. ಹಿಂದಕ್ಕೆ ಚಾಚಿದರೆ ಕ್ಯಾನೋಪಿಯ ಹಿಂಬಾಗಿಲು ಮೇಲೆತ್ತಲು ಜಾಗ ಉಳಿಯುತ್ತದೆಯೇ ಎಂದು ಮೊದಲೇ ಅಳೆದು ನೋಡಬೇಕು.

ಕಬ್ಬಿಣದ ಚೌಕಟ್ಟು: ಒಳ್ಳೆಯದೇ, ಆದರೆ...

ನಮ್ಮ ಊರುಗಳ ಬಾಡಿ ಕಟ್ಟುವ ಶೆಡ್‌ಗಳಲ್ಲಿ ಇದಕ್ಕೊಂದು ಪರಿಹಾರವಿದೆ. ಕ್ಯಾನೋಪಿಯ ಒಳಗೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟು ನಿಲ್ಲಿಸಿ, ಅದರ ಕಾಲುಗಳನ್ನು ಬಾಡಿಯ ತಳಕ್ಕೆ ಬಿಗಿದು, ಹಳಿಯ ಬೋಲ್ಟುಗಳು ನೇರವಾಗಿ ಆ ಚೌಕಟ್ಟಿಗೇ ಬಂದು ಕೂರುವಂತೆ ಮಾಡುವುದು. ಆಗ ಫೈಬರ್ ಹಾಳೆ ಬರೀ ಹೊದಿಕೆಯಾಗಿ ಉಳಿಯುತ್ತದೆ, ಭಾರವನ್ನು ಕಬ್ಬಿಣ ಹೊರುತ್ತದೆ. ತಾಂತ್ರಿಕವಾಗಿ ಇದು ಸರಿಯಾದ ಮಾರ್ಗ.

ತೊಡಕೆಂದರೆ ಕಬ್ಬಿಣಕ್ಕೂ ತೂಕವಿದೆ. 40 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. ಚೌಕಟ್ಟಿಗೆ 18 ಮೀಟರ್ ಬೇಕಾದರೆ ಅದೇ 43 ಕಿಲೋ ಆಯಿತು. ಕ್ಯಾನೋಪಿ, ಚೌಕಟ್ಟು, ಗುಡಾರ, ನೀರಿನ ಡ್ರಮ್ಮು, ಒಲೆ, ಸೀಟು ತುಂಬ ಜನ ಎಲ್ಲವನ್ನೂ ಕೂಡಿಸಿ, ನೋಂದಣಿ ಪತ್ರದಲ್ಲಿರುವ ಭರ್ತಿ ತೂಕದಿಂದ ಖಾಲಿ ತೂಕ ಕಳೆದು ಬರುವ ಅಂಕಿಯೊಂದಿಗೆ ಹೋಲಿಸಿ ನೋಡಬೇಕು. ಅಂದಾಜು ಸಾಲದು. ವೇ ಬ್ರಿಡ್ಜ್ ಇಲ್ಲದ ಎಪಿಎಂಸಿ ಊರು ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಅಲ್ಲಿ ಒಮ್ಮೆ ತೂಗಿಸಿದರೆ ಅನುಮಾನ ಪರಿಹಾರ.

ತೂಕದಷ್ಟೇ ಮುಖ್ಯವಾದದ್ದು ಅದು ಇರುವ ಎತ್ತರ. ಉದಾಹರಣೆಗೆ, 1900 ಕಿಲೋದ ವಾಹನದ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಎರಡು ಮೀಟರ್ ಎತ್ತರದಲ್ಲಿ 80 ಕಿಲೋ ಇಟ್ಟರೆ ಗುರುತ್ವ ಕೇಂದ್ರ ಸುಮಾರು 5 ಸೆಂ.ಮೀ. ಮೇಲೇರುತ್ತದೆ. ಐದು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಹೆದ್ದಾರಿಯಲ್ಲಿ ಅಡ್ಡ ಬಂದ ದನವನ್ನು ತಪ್ಪಿಸಲು ಸ್ಟೀರಿಂಗ್ ಎಳೆದಾಗ ಅದರ ಅರ್ಥವಾಗುತ್ತದೆ. ಭಾರದ ಸಾಮಾನುಗಳನ್ನೆಲ್ಲ ಬಾಡಿಯ ತಳದಲ್ಲಿಡುವುದು, ವೇಗ ತಗ್ಗಿಸುವುದು ಇದಕ್ಕಿರುವ ಉಪಾಯ.

ಗಾಳಿಯ ನಾಡು

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಜೋಗಿಮಟ್ಟಿಯ ಸಾಲಿನಲ್ಲಿ, ಹೊಸದುರ್ಗದ ಬಯಲಿನಲ್ಲಿ ಬೀಸುವ ಗಾಳಿಗೆ ನೆಲದ ಮೇಲಿನ ಗುಡಾರವೇ ನಿಲ್ಲುವುದಿಲ್ಲ. ವಾಹನದ ಮೇಲಿನದಂತೂ ಪಟದಂತೆ ಗಾಳಿ ಹಿಡಿಯುತ್ತದೆ.

ಗಂಟೆಗೆ 54 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 14 ಕಿಲೋದಷ್ಟು ಒತ್ತಡ ಹಾಕುತ್ತದೆ. ಬಿಚ್ಚಿದ ಗುಡಾರದ ಪಕ್ಕ ಮೂರು ಚದರ ಮೀಟರ್ ಇದ್ದರೆ 40 ಕಿಲೋ ದಾಟುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಗುಡ್ಡದ ನೆತ್ತಿಗಿಂತ ಮರೆಯ ಇಳಿಜಾರು ಮೇಲು. ಗುಡಾರದ ಕಿರಿದಾದ ಬದಿ ಗಾಳಿಗೆ ಎದುರಾಗಿರುವಂತೆ ವಾಹನ ನಿಲ್ಲಿಸಬೇಕು. ಬಟ್ಟೆ ಪಟಪಟ ಬಡಿಯಲು ಆರಂಭಿಸಿದರೆ ಮಡಚಿಟ್ಟು ಸೀಟಿನಲ್ಲೇ ರಾತ್ರಿ ಕಳೆಯುವುದರಲ್ಲಿ ಅವಮಾನವೇನಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಕ್ಲಾಂಪ್ ಬಿಚ್ಚಿದರೆ ಕಳಚಿ ಬರುವ ಗುಡಾರ ಸಾಮಾನಿಗೆ ಸಮ, ಮಾರ್ಪಾಡಲ್ಲ ಎಂಬ ವಾದ ಬಳಕೆದಾರರದು. ಬಾಡಿಗೆ ಬೆಸುಗೆ ಹಾಕಿದ ಚೌಕಟ್ಟಿಗೆ ಆ ವಾದ ಹೊಂದುವುದಿಲ್ಲ. ಬೆಸುಗೆಗಿಂತ ಬೋಲ್ಟು ವಾಸಿ. ಕೆಲಸಕ್ಕೆ ಕೈ ಹಾಕುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು, ವಿಮಾ ಕಂಪನಿಗೆ ತಿಳಿಸಿ ಒಪ್ಪಿಗೆ ಪಡೆಯುವುದು ಕ್ಷೇಮ. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಬಳಿಕ ಪರಿಹಾರಕ್ಕೆ ಅಡ್ಡಿಯಾಗಬಹುದು. ಚಲಿಸುವ ವಾಹನದ ಕ್ಯಾನೋಪಿಯೊಳಗೆ ಅಥವಾ ಗುಡಾರದಲ್ಲಿ ಯಾರನ್ನೂ ಕೂರಿಸಕೂಡದು, ಮಕ್ಕಳನ್ನಂತೂ ಸರ್ವಥಾ ಸಲ್ಲದು.

ಎಲ್ಲಿ ತಂಗುವುದು?

ವೇದಾವತಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲೂ ಕೋಡಿ ಹರಿಯಿತು. ಅಂದಿನಿಂದ ಮಾರಿಕಣಿವೆಯತ್ತ ಬರುವವರ ಕಣ್ಣು ಹಿನ್ನೀರಿನ ದಡದ ಮೇಲೆ. ಆದರೆ ಕೆರೆ ತುಂಬಿದ ವರ್ಷ ದಡದ ಮಣ್ಣು ಒಳಗೊಳಗೇ ತೇವವಾಗಿರುತ್ತದೆ. ರಾತ್ರಿ ಒಂದು ಚಕ್ರ ಹೂತರೆ ಮೇಲೆ ಭಾರ ಹೊತ್ತ ವಾಹನ ಓರೆಯಾಗುತ್ತದೆ. ಅಲ್ಲಿ ಮತ್ತು ಸುತ್ತಲಿನ ಕಾಡಿನಲ್ಲಿ ತಂಗಲು ಸಂಬಂಧಿಸಿದ ಇಲಾಖೆಯ ಅನುಮತಿ ಬೇಕು. ಜೋಗಿಮಟ್ಟಿ ವನ್ಯಜೀವಿ ಧಾಮ. ಕರಡಿ, ಚಿರತೆಗಳ ನೆಲೆಯಾದ ಅಲ್ಲಿಗೆ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ. ಏಳು ಸುತ್ತಿನ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ರಾತ್ರಿ ವಾಸದ ಮಾತಿಲ್ಲ. ಪರಿಚಯದ ರೈತರ ತೋಟ, ಒಪ್ಪಿಗೆ ಪಡೆದ ದೇವಸ್ಥಾನದ ಅಂಗಳ, ಕಾವಲಿರುವ ಪೆಟ್ರೋಲ್ ಬಂಕ್ ಇವೇ ಸುರಕ್ಷಿತ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಅಂಚಿನಲ್ಲಿ ನಿಲ್ಲಿಸಿ ಮೇಲೆ ಮಲಗುವ ಸಾಹಸ ಬೇಡ. ನಿದ್ದೆಗಣ್ಣಿನ ಲಾರಿ ಚಾಲಕನಿಗೆ ನಿಂತ ವಾಹನ ಕಾಣುವುದು ಡಿಕ್ಕಿಯಾದ ಮೇಲೆಯೇ.

ಗುಡಾರ ಕೂರಿಸಿದ ಬಳಿಕ ವಾಹನದ ಎತ್ತರ ಸುಮಾರು 2.3 ಮೀಟರ್ ಆಗುತ್ತದೆ. ಅಳೆದು, ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಬೇಕು. ಬೆಂಗಳೂರಿನ ನೆಲಮಾಳಿಗೆ ನಿಲ್ದಾಣಗಳಲ್ಲಿ, ರೈಲ್ವೆ ಕೆಳಸೇತುವೆಗಳ ಎತ್ತರ ತಡೆಗಳ ಮುಂದೆ ಅದು ನೆನಪಾಗಬೇಕು. ಮೊದಲ 50 ಕಿ.ಮೀ. ಓಡಿಸಿದ ನಂತರ ಪ್ರತಿ ಬೋಲ್ಟು, ಪ್ರತಿ ಕ್ಲಾಂಪನ್ನು ಮರುಬಿಗಿಸಬೇಕು. ಬಳಿಕ ಪ್ರತಿ ಪ್ರಯಾಣದ ಬೆಳಿಗ್ಗೆಯೂ ಕೈಯಿಂದ ಅಲುಗಾಡಿಸಿ ನೋಡಬೇಕು. ಮಳೆಯಲ್ಲಿ ನೆನೆದ ಬಟ್ಟೆಯನ್ನು ಹಾಗೆಯೇ ಮಡಚಿ ಬಂದಿದ್ದರೆ, ಮನೆ ಸೇರಿದ ದಿನವೇ ಬಿಚ್ಚಿ ಒಣಗಿಸಬೇಕು.