ಯೀಸ್ಟ್‌ಗೂ ಡಿಎಪಿ ಬೇಕಾ? ಮನೆಯ ಸ್ಟ್ರಾಂಗ್ ಬಿಯರ್ ಕೆಡುವುದು ಎಲ್ಲಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ನನ್ನಂಥವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಹುದುಗುವಿಕೆ ಅರ್ಧಕ್ಕೆ ನಿಂತರೆ ಒಂದು ಚಮಚ ಯೀಸ್ಟ್ ನ್ಯೂಟ್ರಿಯೆಂಟ್ ಹಾಕು, ಮತ್ತೆ ಶುರುವಾಗುತ್ತೆ ಅಂತ. ಇಲ್ಲಿರುವ ಕನ್ನಡಿಗ ಗೆಳೆಯರೂ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ನನ್ನ ಉತ್ತರ ಒಂದೇ: ಆ ಚಮಚ ಹಾಕಬೇಕಿದ್ದದ್ದು ಎರಡು ವಾರದ ಹಿಂದೆ.

ಇಲ್ಲಿ 1978ರ ಕಾನೂನು ಮನೆಬಳಕೆಯ ಬಿಯರ್‌ಗೆ ಕೇಂದ್ರದ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಊರಲ್ಲಿರುವವರು ಓದಿ ತಿಳಿದುಕೊಳ್ಳಿ, ಅಷ್ಟೇ.

ಪೊಟ್ಟಣದಲ್ಲಿ ಇರುವುದೇನು?

ನ್ಯೂಟ್ರಿಯೆಂಟ್ ಹೆಸರಲ್ಲಿ ಮುಖ್ಯವಾಗಿ ಎರಡು ಬಗೆಯ ಪುಡಿ ಸಿಗುತ್ತೆ. ಒಂದು ಡೈ ಅಮೋನಿಯಂ ಫಾಸ್ಫೇಟ್. ಹೌದು, ನಮ್ಮ ರೈತರು ಬಿತ್ತನೆ ಸಮಯದಲ್ಲಿ ಕ್ಯೂ ನಿಂತು ತರುವ ಅದೇ ಡಿಎಪಿ. ಆದರೆ ಗೊಬ್ಬರದ ಅಂಗಡಿಯ 18:46 ಚೀಲ ತಂದು ಬಿಯರ್‌ಗೆ ಹಾಕುವಂತಿಲ್ಲ. ಅದರಲ್ಲಿ ಕ್ಯಾಡ್ಮಿಯಂನಂಥ ಲೋಹಗಳ ಅಂಶ ಇರಬಹುದು. ತಿನ್ನಲು ಯೋಗ್ಯವಾದ ದರ್ಜೆಯದ್ದೇ ಬೇರೆ.

ಇನ್ನೊಂದು, ಸತ್ತ ಯೀಸ್ಟ್‌ನಿಂದಲೇ ಮಾಡಿದ ಪುಡಿ. ಇದರಲ್ಲಿ ಅಮೈನೋ ಆಮ್ಲ, ವಿಟಮಿನ್, ಖನಿಜ ಎಲ್ಲ ಇರುತ್ತೆ. ಕೆಲವು ಪೊಟ್ಟಣಗಳಲ್ಲಿ ಎರಡೂ ಬೆರೆತಿರುತ್ತವೆ. ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ, ಒಳಗೇನಿದೆ ಅಂತ ಓದಿ.

ಪೂರ್ತಿ ಬಾರ್ಲಿ ಮಾಲ್ಟ್‌ನಿಂದ ಮಾಡಿದ ವರ್ಟ್‌ನಲ್ಲಿ, ಅಂದರೆ ಹುದುಗುವ ಮೊದಲಿನ ಸಿಹಿನೀರಿನಲ್ಲಿ, ಸಾಮಾನ್ಯವಾಗಿ ಸಾರಜನಕಕ್ಕೆ ಕೊರತೆ ಇರಲ್ಲ. ಕೊರತೆ ಬೀಳುವುದು ಹೆಚ್ಚಾಗಿ ಸತುವಿಗೆ. ಯೀಸ್ಟ್ ಆಲ್ಕೋಹಾಲ್ ತಯಾರಿಸುವ ಕಿಣ್ವ ಸತುವಿಲ್ಲದೆ ಕೆಲಸ ಮಾಡಲ್ಲ. ಹೀಗಾಗಿ ಮಾಲ್ಟ್ ಬಿಯರ್‌ಗೆ ಸತುವಿರುವ ಎರಡನೇ ಬಗೆಯ ಪುಡಿಯೇ ಸರಿ. ಲೆಕ್ಕ ಬದಲಾಗುವುದು ಸಕ್ಕರೆ ಅಥವಾ ಜೇನುತುಪ್ಪವನ್ನು ಧಾರಾಳವಾಗಿ ಸುರಿದು ಸ್ಟ್ರಾಂಗ್ ಮಾಡುವಾಗ. ಸಕ್ಕರೆಯಲ್ಲಿ ಸಾರಜನಕ ಇಲ್ಲ, ಜೇನಿನಲ್ಲಿ ಇರುವುದು ಅತ್ಯಲ್ಪ. ಅಲ್ಲಿ ಡಿಎಪಿಗೂ ಒಂದು ಪಾತ್ರ ಇದೆ.

ಊಟ ಇದೆ, ಉಣ್ಣುವವರಿಲ್ಲ

ನಾನು ನೋಡಿದ ದೊಡ್ಡ ತಪ್ಪು, ಯೀಸ್ಟ್ ಕಡಿಮೆ ಹಾಕಿ ನ್ಯೂಟ್ರಿಯೆಂಟ್‌ನಿಂದ ಸರಿದೂಗಿಸಲು ಹೋಗುವುದು. ಲೆಕ್ಕ ಹಾಕೋಣ. 1.090 ಗ್ರಾವಿಟಿಯ 20 ಲೀಟರ್ ಏಲ್‌ಗೆ ಸುಮಾರು 32,000 ಕೋಟಿ ಯೀಸ್ಟ್ ಕೋಶ ಬೇಕು. ದ್ರವ ಯೀಸ್ಟ್‌ನ ಮಾಮೂಲಿ ಪ್ಯಾಕೆಟ್‌ನಲ್ಲಿ ಇರುವುದು ಸುಮಾರು 10,000 ಕೋಟಿ. ಮೂರು ಪ್ಯಾಕೆಟ್ ಹಿಡಿಯುವ ಕಡೆ ಒಂದನ್ನೇ ಹಾಕಿ, ಮೇಲೆ ಒಂದು ಚಮಚ ಪುಡಿ ಉದುರಿಸಿದ್ರೆ ಮೂರು ಜನರ ಕೆಲಸವನ್ನು ಒಬ್ಬನಿಗೆ ಕೊಟ್ಟು ಊಟ ಮಾತ್ರ ಜಾಸ್ತಿ ಬಡಿಸಿದ ಹಾಗೆ.

ಆಮ್ಲಜನಕದ ಕಥೆಯೂ ಇದೇ. ಯೀಸ್ಟ್ ಕೋಶ ಗಟ್ಟಿ ಪೊರೆ ಕಟ್ಟಿಕೊಳ್ಳಲು, ಮುಂದೆ ಆಲ್ಕೋಹಾಲನ್ನು ತಾಳಿಕೊಳ್ಳಲು ಶುರುವಿನಲ್ಲಿ ಆಮ್ಲಜನಕ ಬೇಕು. ಸ್ಟ್ರಾಂಗ್ ವರ್ಟ್‌ನಲ್ಲಿ ಅದು ಕರಗುವುದೇ ಕಡಿಮೆ. ಬರೀ ಕುಲುಕಿದರೆ ಸಾಲಲ್ಲ. ಈ ಕೊರತೆಯನ್ನು ಯಾವ ಪುಡಿಯೂ ತುಂಬಲ್ಲ.

ತಡವಾದರೆ ಏನಾಗುತ್ತೆ?

ಡಿಎಪಿಯನ್ನು ಬಿತ್ತುವಾಗ ಹಾಕುತ್ತಾರೆ, ತೆನೆ ಬಲಿತ ಮೇಲೆ ಅಲ್ಲ. ಯೀಸ್ಟ್‌ನದ್ದೂ ಹಾಗೇ. ಕೋಶಗಳು ಹೆಚ್ಚುವುದು ಮೊದಲ ಎರಡು ಮೂರು ದಿನ, ಸಾರಜನಕ ಬೇಕಾಗುವುದೂ ಆಗಲೇ. ಆಲ್ಕೋಹಾಲ್ ಏರಿದಂತೆ ಅಮೋನಿಯಂ ಹೀರುವ ಶಕ್ತಿ ಕುಗ್ಗುತ್ತಾ ಬಂದು, ಶೇ. 9ರ ಸುಮಾರಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಆಮೇಲೆ ಹಾಕಿದ್ದು ಹಾಗೇ ಉಳಿದು ಬಿಯರ್‌ಗೆ ಉಪ್ಪುಪ್ಪು ರುಚಿ ಕೊಡುತ್ತೆ, ಬಿಯರ್ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತೆ. ಶುರುವಿನಲ್ಲೇ ಅತಿಯಾಗಿ ಹಾಕಿದರೂ ಕಷ್ಟ. ಹುದುಗು ಒಮ್ಮೆಲೇ ಭರ್ರನೆ ಏರಿ, ಬಿಸಿ ಹೆಚ್ಚಿ, ಗಂಟಲು ಸುಡುವ ಘಾಟು ಉಳಿಯುತ್ತೆ.

ಇನ್ನೊಂದು ಸಣ್ಣ ಎಚ್ಚರಿಕೆ. ಜೋರಾಗಿ ಹುದುಗುತ್ತಿರುವ ಪಾತ್ರೆಗೆ ಒಣಪುಡಿ ಸುರಿದರೆ ಕರಗಿರುವ ಗ್ಯಾಸ್ ಒಂದೇ ಸಲ ಹೊರನುಗ್ಗಿ ನೊರೆ ಉಕ್ಕುತ್ತೆ. ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ ಹಾಕಿ.

ನಿಂತ ಬಿಯರ್, ಒಡೆಯುವ ಬಾಟಲಿ

ಇದು ಬರೀ ರುಚಿಯ ಪ್ರಶ್ನೆಯಲ್ಲ. 1.090ರಿಂದ ಶುರುವಾಗಿ 1.022ಕ್ಕೆ ಇಳಿಯಬೇಕಿದ್ದ ಬಿಯರ್ 1.038ಕ್ಕೆ ನಿಂತಿದೆ ಅನ್ನಿ. ಪುಡಿ ಹಾಕಾಯ್ತು, ನಾಲ್ಕು ಗುಳ್ಳೆ ಬಂತು, ಮುಗೀತು ಅಂದುಕೊಂಡು ಬಾಟಲಿಗೆ ತುಂಬುವವರಿದ್ದಾರೆ. ಉಳಿದ ಸಕ್ಕರೆ ಮುಚ್ಚಿದ ಬಾಟಲಿಯೊಳಗೆ ಮತ್ತೆ ಹುದುಗಿದರೆ ಒತ್ತಡಕ್ಕೆ ಗಾಜು ಸಿಡಿಯುತ್ತೆ. ಕಣ್ಣಿಗೆ, ಕೈಗೆ ಅಪಾಯ.

ಹಾಗಾಗಿ ಕ್ರಮ ಹೀಗಿರಲಿ. ಕುದಿ ಮುಗಿಯಲು 10-15 ನಿಮಿಷ ಇರುವಾಗ ಪೊಟ್ಟಣದ ಮೇಲೆ ಬರೆದ ಅಳತೆಯಷ್ಟೇ ನ್ಯೂಟ್ರಿಯೆಂಟ್ ಹಾಕಿ. ಕೈಯಲ್ಲಿ ಇಲ್ಲದಿದ್ದರೆ ಒಂದು ಚಮಚ ಬ್ರೆಡ್ ಯೀಸ್ಟನ್ನು ಕುದಿಯುವ ವರ್ಟ್‌ಗೇ ಹಾಕಬಹುದು, ಅದು ಸತ್ತು ಆಹಾರವಾಗುತ್ತೆ. ವರ್ಟ್ ಆರಿದ ಮೇಲೆ ಆಮ್ಲಜನಕ ಕೊಟ್ಟು, ಲೆಕ್ಕದ ಪ್ರಕಾರ ಯೀಸ್ಟ್ ಹಾಕಿ. ತುಂಬಾ ಸ್ಟ್ರಾಂಗ್ ಇದ್ದರೆ 12ರಿಂದ 18 ಗಂಟೆಯೊಳಗೆ ಇನ್ನೊಮ್ಮೆ ಆಮ್ಲಜನಕ ಕೊಡಿ.

ಆದರೂ ನಿಂತಿತಾ? ಹೈಡ್ರೋಮೀಟರ್‌ನಲ್ಲೇ ಅಳೆಯಿರಿ. ರಿಫ್ರ್ಯಾಕ್ಟೋಮೀಟರ್ ಆಲ್ಕೋಹಾಲ್ ಇರುವಾಗ ನೇರವಾಗಿ ಸರಿಯಾದ ಅಂಕಿ ತೋರಿಸಲ್ಲ. ಪಾತ್ರೆಯನ್ನು ಎರಡು ಮೂರು ಡಿಗ್ರಿ ಬೆಚ್ಚಗೆ ಮಾಡಿ. ಆಗದಿದ್ದರೆ ಬೇರೆ ಕಡೆ ಚುರುಕಾಗಿ ಹುದುಗುತ್ತಿರುವ ಹೊಸ ಯೀಸ್ಟ್ ತಂದು ಸೇರಿಸಿ. ಇಳಿಯಬೇಕಾದ ಮಟ್ಟಕ್ಕೆ ಇಳಿದು, ಕೆಲವು ದಿನ ಅದೇ ಅಂಕಿ ನಿಲ್ಲುವವರೆಗೂ ಬಾಟಲಿ ಮುಟ್ಟಬೇಡಿ.